ಮೈಯೇ ಒಂದು ಪಟ: ಜಪಾನಿ ಹಚ್ಚೆ ಯಾಕೆ ಇಷ್ಟೊಂದು ಸೆಳೆಯುತ್ತೆ?

ನೀರು ಸೀಳಿಕೊಂಡು ಮೇಲೇರುವ ಕೊಯಿ ಮೀನು. ಮೋಡಗಳ ನಡುವೆ ಮೈ ಸುತ್ತಿಕೊಂಡ ಡ್ರ್ಯಾಗನ್. ಕೋರೆಹಲ್ಲು ಬಿಟ್ಟ ಕೊಂಬಿನ ಮುಖವಾಡ. ಸುತ್ತಲೂ ಕಪ್ಪು ಅಲೆ, ಅಲೆಯ ತುದಿಯಲ್ಲಿ ಬೆರಳಿನ ಹಾಗೆ ಬಾಗಿದ ನೊರೆ. ಸ್ಯಾನ್ ಫ್ರಾನ್ಸಿಸ್ಕೊ ಇರಲಿ, ಬರ್ಲಿನ್ ಇರಲಿ, ಬೆಂಗಳೂರೇ ಇರಲಿ, ಟ್ಯಾಟೂ ಅಂಗಡಿಯ ಆಲ್ಬಂ ತಿರುವಿದರೆ ಈ ಚಿತ್ರಗಳು ಎದುರಾಗದೇ ಇರೋದು ಕಷ್ಟ. ಫ್ಯಾಷನ್‌ಗಳು ಬಂದು ಹೋಗುತ್ತವೆ. 90ರ ದಶಕದ ಟ್ರೈಬಲ್ ಪಟ್ಟೆಗಳನ್ನು ಇವತ್ತು ಕೇಳುವವರು ಕಡಿಮೆ. ಜಪಾನಿ ಶೈಲಿ ಮಾತ್ರ ಸುಮಾರು ಎರಡು ನೂರು ವರ್ಷಗಳಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಉಳಿದಿದೆ.

ತಮಾಷೆ ಅಂದ್ರೆ, ಜಗತ್ತೆಲ್ಲ ಮೆಚ್ಚುವ ಈ ತೋಳನ್ನು ಹೊತ್ತು ನೀವು ಜಪಾನಿಗೇ ಹೋದರೆ, ಬಿಸಿನೀರ ಬುಗ್ಗೆಯ ಸ್ನಾನಗೃಹದ ಬಾಗಿಲಲ್ಲೇ ನಿಮ್ಮನ್ನು ತಡೆಯಬಹುದು. ಹುಟ್ಟಿದ ಮನೆಯಲ್ಲಿ ಕಳಂಕ, ಹೊರಗೆ ಕಲೆ. ಈ ಶೈಲಿ ಯಾಕೆ ಇಷ್ಟು ಸೆಳೆಯುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಶಿಕ್ಷೆಯ ಹಚ್ಚೆ, ಸೊಬಗಿನ ಹಚ್ಚೆ

ಜಪಾನಿ ಭಾಷೆಯಲ್ಲಿ ಹಚ್ಚೆಗೆ ಎರಡು ಹೆಸರು ಮುಖ್ಯ. ಒಂದು 'ಇರೆಝುಮಿ', ಅಂದರೆ ಮಸಿ ತುಂಬಿಸೋದು. ಇನ್ನೊಂದು 'ಹೊರಿಮೊನೊ', ಅಂದರೆ ಕೆತ್ತಿದ್ದು. ಇವತ್ತು ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರಾದರೂ, ಕಸುಬಿನ ಹಿರಿಯರಲ್ಲಿ ಹಲವರಿಗೆ ಎರಡನೆಯದೇ ಇಷ್ಟ. ಕಾರಣ ಇದೆ.

1720ರಲ್ಲಿ ಶೋಗನ್ ತೊಕುಗಾವಾ ಯೊಶಿಮುನೆಯ ಆಡಳಿತ ಕಳ್ಳತನದಂಥ ಅಪರಾಧಗಳಿಗೆ ಮೂಗು, ಕಿವಿ ಕತ್ತರಿಸುವ ಶಿಕ್ಷೆಯ ಬದಲು ಹಚ್ಚೆ ಹಾಕುವ ಶಿಕ್ಷೆ ತಂದಿತು. ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ತೋಳಿನ ಸುತ್ತ ಪಟ್ಟಿ. ಬೇರೆ ಪ್ರಾಂತ್ಯಗಳಲ್ಲಿ ಬೇರೆ ಗುರುತು, ಕೆಲವೆಡೆ ಹಣೆಯ ಮೇಲೇ. ಯಾವ ಊರಿನಲ್ಲಿ ಸಿಕ್ಕಿಬಿದ್ದವನು ಅಂತ ನೋಡಿದ ಕೂಡಲೇ ಗೊತ್ತಾಗಬೇಕು. ಈ ಶಿಕ್ಷೆ ರದ್ದಾಗಿದ್ದು 1870ರಲ್ಲಿ. ಒಂದೂವರೆ ಶತಮಾನ 'ಇರೆಝುಮಿ' ಅನ್ನೋ ಪದಕ್ಕೆ ಸರ್ಕಾರಿ ಮೊಹರಿನ ವಾಸನೆ ಅಂಟಿಕೊಂಡಿತ್ತು.

ಅದೇ 1720ರಲ್ಲಿ, ಅದೇ ಶೋಗನ್‌ನ ಕಾಲದಲ್ಲಿ, ಎಡೊದ ಜನಸಾಮಾನ್ಯರ ಅಗ್ನಿಶಾಮಕ ಪಡೆಗಳನ್ನು ಬಡಾವಣೆವಾರು ಸಂಘಟಿಸಲಾಯಿತು. ಮರ ಮತ್ತು ಕಾಗದದ ಮನೆಗಳ ಆ ನಗರಕ್ಕೆ ಬೆಂಕಿಯೇ ದೊಡ್ಡ ಶತ್ರು. ಆಗ ಬೆಂಕಿ ಆರಿಸುವುದು ಅಂದರೆ ಮುಖ್ಯವಾಗಿ ಬೆಂಕಿ ಹಬ್ಬುವ ದಾರಿಯಲ್ಲಿನ ಮನೆಗಳನ್ನು ಕೆಡವೋದು. ಹಾಗಾಗಿ ಮನೆ ಕಟ್ಟುವ, ಮಾಳಿಗೆ ಹತ್ತುವ ಕೂಲಿಕಾರರೇ ಈ ಪಡೆಗಳಲ್ಲಿದ್ದರು. ಮುಂದೆ ಇವರ ಬೆನ್ನ ಮೇಲೆಯೇ ಅಲಂಕಾರದ ಹಚ್ಚೆ ಅರಳಿತು. ಡ್ರ್ಯಾಗನ್ ಜಪಾನಿನಲ್ಲಿ ಬೆಂಕಿ ಉಗುಳುವ ಪ್ರಾಣಿಯಲ್ಲ, ನೀರಿನ ದೇವತೆ. ಬೆಂಕಿಗೆ ನುಗ್ಗುವವನ ಬೆನ್ನಲ್ಲಿ ನೀರಿನ ದೇವತೆ ಇದ್ದರೆ ಅದೊಂದು ರಕ್ಷೆ. ಅವರು ತೊಡುತ್ತಿದ್ದ ದಪ್ಪ ಹತ್ತಿಯ ಅಂಗಿಯ ಒಳಮೈಯಲ್ಲೂ ಇಂಥದೇ ಚಿತ್ರಗಳಿರುತ್ತಿದ್ದವು. ಬೆಂಕಿಗೆ ಹೋಗುವಾಗ ಚಿತ್ರ ಒಳಗೆ, ಗೆದ್ದು ಬಂದ ಮೇಲೆ ಅಂಗಿ ತಿರುವಿ ಹಾಕಿದರೆ ಚಿತ್ರ ಹೊರಗೆ.

ಪಲ್ಲಕ್ಕಿ ಹೊರುವವರು, ಕಾಗದಪತ್ರ ಹೊತ್ತು ಓಡುವ ಅಂಚೆಯಾಳುಗಳು, ಮೀನುಗಾರರು ಹೀಗೆ ಲಂಗೋಟಿಯಲ್ಲಿ ದುಡಿಯುವ ಜನರ ನಡುವೆ ಇದು ಹರಡಿತು. ಬಡವರು ರೇಷ್ಮೆ ಉಡುವಂತಿಲ್ಲ, ಬೆಡಗಿನ ಬಟ್ಟೆ ತೊಡುವಂತಿಲ್ಲ ಅಂತ ಆಳುವವರು ಆಗಾಗ ಕಟ್ಟಳೆ ಹೊರಡಿಸುತ್ತಿದ್ದ ಕಾಲ ಅದು. ಆದರೆ ಚರ್ಮವನ್ನು ಯಾರೂ ಕಳಚುವಂತಿಲ್ಲವಲ್ಲ!

ಒಂದು ಕಾದಂಬರಿ, ಒಬ್ಬ ಚಿತ್ರಕಾರ

ಈ ಹವ್ಯಾಸಕ್ಕೆ ಒಂದು ಖಚಿತ ಚಿತ್ರಭಾಷೆ ಸಿಕ್ಕಿದ್ದು 1827ರ ಸುಮಾರಿಗೆ. ಭ್ರಷ್ಟ ಅಧಿಕಾರಿಗಳ ವಿರುದ್ಧ ಸಿಡಿದೆದ್ದ 108 ದರೋಡೆಕೋರರ ಕತೆ ಹೇಳುವ ಚೀನಾದ ಹಳೆಯ ಕಾದಂಬರಿಯೊಂದು ಜಪಾನಿನಲ್ಲಿ 'ಸುಯಿಕೊದೆನ್' ಹೆಸರಲ್ಲಿ ಭಾರೀ ಜನಪ್ರಿಯವಾಗಿತ್ತು. ಉತಗಾವಾ ಕುನಿಯೋಶಿ ಎಂಬ ಕಲಾವಿದ ಆ ವೀರರನ್ನು ಒಬ್ಬೊಬ್ಬರನ್ನಾಗಿ ಮರದಚ್ಚಿನ ಬಣ್ಣದ ಚಿತ್ರಗಳಲ್ಲಿ ತಂದ. ಮೂಲ ಕಾದಂಬರಿಯಲ್ಲಿ ಹಚ್ಚೆ ಇರುವ ವೀರರು ಬೆರಳೆಣಿಕೆಯಷ್ಟು ಮಾತ್ರ. ಕುನಿಯೋಶಿ ಇನ್ನೂ ಹಲವರ ಬೆನ್ನು, ತೋಳು, ತೊಡೆಗಳ ಮೇಲೆ ಹಚ್ಚೆ ಬಿಡಿಸಿದ. ಮೈತುಂಬ ಒಂಬತ್ತು ಡ್ರ್ಯಾಗನ್ ಹೊತ್ತ ಶಿಶಿನ್, ಬಾಯಲ್ಲಿ ಕತ್ತಿ ಕಚ್ಚಿಕೊಂಡು ಕೋಟೆಯ ನೀರಬಾಗಿಲು ಮುರಿಯುವ ಚೋಜುನ್ ಮುಂತಾದವರ ಚಿತ್ರಗಳು ಎಡೊದಲ್ಲಿ ಬಿಸಿದೋಸೆಯಂತೆ ಖರ್ಚಾದವು. ಜನ ಆ ಹಾಳೆ ಹಿಡಿದುಕೊಂಡು ಹೋಗಿ 'ನನಗೂ ಇದೇ ಬೇಕು' ಅಂದರು.

ಮರದ ಹಲಗೆ ಕೆತ್ತುವವನನ್ನೂ ಹಚ್ಚೆ ಹಾಕುವವನನ್ನೂ 'ಹೊರಿಶಿ', ಅಂದರೆ ಕೆತ್ತುವವನು ಅಂತಲೇ ಕರೆಯುತ್ತಾರೆ. ಬಣ್ಣವನ್ನು ದಟ್ಟದಿಂದ ತೆಳುವಿಗೆ ಕರಗಿಸುವ 'ಬೊಕಾಶಿ' ಎಂಬ ತಂತ್ರದ ಹೆಸರೂ ಎರಡೂ ಕಸುಬಿನಲ್ಲಿದೆ. ದಪ್ಪ ಹೊರಗೆರೆ, ಚಪ್ಪಟೆ ಬಣ್ಣ, ಕಪ್ಪಿನ ಛಾಯೆ ಎಲ್ಲ ಬಂದಿದ್ದು ಅಚ್ಚಿನ ಚಿತ್ರದಿಂದಲೇ. ಅಂದರೆ ಈ ಶೈಲಿಯ ಹಿಂದೆ ಇರೋದು ಮಠ, ಅರಮನೆಗಳ ಗೂಢ ವಿದ್ಯೆಯಲ್ಲ. ಬೀದಿಯ ಅಂಗಡಿಯಲ್ಲಿ ಬಿಡಿಕಾಸಿಗೆ ಸಿಗುತ್ತಿದ್ದ ಜನಪ್ರಿಯ ಕಲೆ. ಇವತ್ತಿನ ಸಿನಿಮಾ ಪೋಸ್ಟರ್ ಇದ್ದ ಹಾಗೆ.

ಬಿಡಿಚಿತ್ರ ಅಲ್ಲ, ವ್ಯಾಕರಣ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಾಶ್ಚಾತ್ಯ ನಾವಿಕರ ಹಳೆಯ ಟ್ಯಾಟೂಗಳನ್ನು ಗಮನಿಸಿ: ಇಲ್ಲೊಂದು ಲಂಗರು, ಅಲ್ಲೊಂದು ಗುಲಾಬಿ, ಪಕ್ಕದಲ್ಲಿ ಪ್ರೇಯಸಿಯ ಹೆಸರು. ಟ್ರಂಕಿನ ಮೇಲೆ ಅಂಟಿಸಿದ ಸ್ಟಿಕರ್‌ಗಳಂತೆ. ಜಪಾನಿ ಕ್ರಮದಲ್ಲಿ ಮೈಯೇ ಒಂದು ಹಾಳೆ. ಬೆನ್ನಿನಿಂದ ಪೃಷ್ಠದವರೆಗೆ, ಎದೆಯಿಂದ ತೋಳಿಗೆ ಒಂದೇ ಚಿತ್ರ ಹರಿಯುತ್ತದೆ.

ಇದನ್ನು ಸಾಧ್ಯವಾಗಿಸುವುದು ಹಿನ್ನೆಲೆ. ಇದಕ್ಕೆ 'ಗಾಕುಬೊರಿ' ಅನ್ನುತ್ತಾರೆ. ಅಲೆ, ಮೋಡ, ಬಂಡೆ, ಗಾಳಿಯನ್ನು ಸೂಚಿಸುವ ಕಪ್ಪು ಪಟ್ಟೆಗಳು. ನೋಡುವವರ ಕಣ್ಣು ಮೊದಲು ಹೋಗೋದು ಕೆಂಪು ಮೀನಿನ ಕಡೆಗೆ. ಆದರೆ ಆ ಮೀನನ್ನು ಮುಂದೆ ತಳ್ಳಿ ನಿಲ್ಲಿಸಿರುವುದು ಹಿಂದಿನ ಕಪ್ಪು. ಹತ್ತು ಹೆಜ್ಜೆ ದೂರದಿಂದ ನೋಡಿದರೂ ಆಕಾರ ಸ್ಪಷ್ಟವಾಗಿ ಕಾಣುವುದಕ್ಕೆ ಇದೇ ಕಾರಣ. ಹಿನ್ನೆಲೆ ತೆಗೆದು ಮೀನೊಂದನ್ನೇ ಮುಂಗೈ ಮೇಲೆ ಇಟ್ಟು ನೋಡಿ, ಅರ್ಧ ಸೊಗಸು ಹೋಗಿಬಿಡುತ್ತೆ.

ಎಲ್ಲಿ ಶುರು, ಎಲ್ಲಿ ಮುಗಿತಾಯ ಅನ್ನೋದಕ್ಕೂ ಲೆಕ್ಕ ಇದೆ. ಮೊಳಕೈಗಿಂತ ಮೇಲೆ ನಿಲ್ಲುವ ತೋಳು 'ಗೊಬು', ಮುಂಗೈಯ ನಡುವೆ ನಿಲ್ಲುವುದು 'ಶಿಚಿಬು'. ಎದೆಯ ನಡುವೆ ಮೇಲಿಂದ ಕೆಳಗೆ ಒಂದು ಪಟ್ಟಿಯಷ್ಟು ಚರ್ಮ ಖಾಲಿ ಬಿಡುವುದು 'ಮುನೆವಾರಿ'. ಮುಂದೆ ತೆರೆದ ಅಂಗಿ ತೊಟ್ಟಾಗ ಹಚ್ಚೆ ಕಾಣಬಾರದು ಅಂತ. ಚಿತ್ರದ ಅಂಚಿಗೆ 'ಮಿಕಿರಿ' ಎಂಬ ಹೆಸರಿದೆ. ಆ ಅಂಚು ಹೂವಿನೆಸಳಿನಂತೆ ಬಾಗಿರಬೇಕೋ, ನೇರ ಕತ್ತರಿಸಿದಂತಿರಬೇಕೋ ಅನ್ನುವುದಕ್ಕೂ ಪದ್ಧತಿಗಳಿವೆ. ಮರೆಮಾಡುವುದೂ ಈ ವಿನ್ಯಾಸದ ಒಂದು ಭಾಗ ಅನ್ನೋದನ್ನು ಗಮನಿಸಿ.

ಇನ್ನು ಜೋಡಿಗಳು. ಸಿಂಹಕ್ಕೆ ಪಿಯೊನಿ ಹೂವು, ಹುಲಿಗೆ ಬಿದಿರು, ಡ್ರ್ಯಾಗನ್‌ಗೆ ಮೋಡ, ಕೊಯಿ ಮೀನಿಗೆ ನೀರಲ್ಲಿ ತೇಲುವ ಕೆಂಪು ಮೇಪಲ್ ಎಲೆ. ಮೇಪಲ್ ಬಂದರೆ ಅದು ಶರತ್ಕಾಲ, ಚೆರ್ರಿ ಹೂವು ಬಂದರೆ ವಸಂತ. ಋತುಗಳನ್ನು ಮನಬಂದಂತೆ ಬೆರೆಸಿದರೆ ಹಳೆಯ ಕಸುಬುದಾರರು ಮುಖ ಸಿಂಡರಿಸುತ್ತಾರೆ. ನಮ್ಮ ಸಂಗೀತಗಾರರಿಗೆ ರಾಗಕ್ಕೆ ಹೊರತಾದ ಸ್ವರ ಕೇಳಿಸಿದ ಹಾಗೆ. ನೋಡುವವರಿಗೆ ಈ ನಿಯಮಗಳು ಗೊತ್ತಿರಲಿಕ್ಕಿಲ್ಲ. ಆದರೂ 'ಇದರಲ್ಲಿ ಏನೋ ಒಂದು ಹೊಂದಿಕೆ ಇದೆ' ಅನ್ನೋದು ತಿಳಿಯುತ್ತೆ. ಜಪಾನಿ ಶೈಲಿಯ ಸೆಳೆತಕ್ಕೆ ನಾನು ಕೊಡುವ ಮೊದಲ ಕಾರಣ ಇದು: ಒಂದೊಂದು ಚಿತ್ರದ ಅರ್ಥಕ್ಕಿಂತ ಅವೆಲ್ಲವನ್ನೂ ಹಿಡಿದಿಟ್ಟ ವ್ಯಾಕರಣ.

ಚಿತ್ರಗಳು ಏನು ಹೇಳುತ್ತವೆ?

ಹಾಗಂತ ಅರ್ಥಗಳಿಗೆ ಬೆಲೆಯಿಲ್ಲ ಅಂತಲ್ಲ. ಹಳದಿ ನದಿಯ 'ಡ್ರ್ಯಾಗನ್ ಬಾಗಿಲು' ಎಂಬ ಜಲಪಾತವನ್ನು ಏರಿದ ಮೀನು ಡ್ರ್ಯಾಗನ್ ಆಗುತ್ತದೆ ಅನ್ನುವ ಚೀನೀ ದಂತಕತೆಯಿಂದ ಕೊಯಿ ಮೀನು ಛಲದ ಗುರುತಾಯಿತು. ಕೊಂಬಿನ 'ಹನ್ಯಾ' ಮುಖವಾಡ 'ನೋ' ರಂಗಭೂಮಿಯದು. ಅಸೂಯೆ, ಸಂಕಟಗಳಿಂದ ರಾಕ್ಷಸಿಯಾದ ಹೆಣ್ಣು ಅದು. ನೇರ ನೋಡಿದರೆ ಸಿಟ್ಟು, ತುಸು ಬಗ್ಗಿಸಿದರೆ ಅಳು ಕಾಣುವಂತೆ ಅದನ್ನು ಕೆತ್ತುತ್ತಾರೆ. ಹುಲಿಯಂತೂ ಜಪಾನಿನ ಕಾಡಿನಲ್ಲಿ ಇರಲೇ ಇಲ್ಲ. ಚೀನಾದ ಚಿತ್ರ, ಆಮದಾದ ತೊಗಲು ನೋಡಿ ಬಿಡಿಸಿದ್ದು. ಆ ಹುಲಿಗಳ ಮುಖದಲ್ಲಿ ಸ್ವಲ್ಪ ಬೆಕ್ಕಿನ ಛಾಯೆ ಇರೋದು ಅದಕ್ಕೇ ಇರಬೇಕು.

ಭಾರತದಿಂದ ಹೋದ ಸಾಮಾನೂ ಇದರಲ್ಲಿ ಕಡಿಮೆ ಇಲ್ಲ. ಬೆಂಕಿಯ ಹಿನ್ನೆಲೆಯಲ್ಲಿ ಖಡ್ಗ, ಪಾಶ ಹಿಡಿದು ಕಣ್ಣು ಕೆರಳಿಸಿ ಕೂತ 'ಫುದೊ ಮ್ಯೊಓ' ಅಂದರೆ ಬೌದ್ಧರ 'ಅಚಲ'. ಸಂಸ್ಕೃತದ ಹೆಸರಿನ ನೇರ ಅನುವಾದ. ಅವನ ಖಡ್ಗಕ್ಕೆ ಸುತ್ತಿಕೊಂಡ ಡ್ರ್ಯಾಗನ್ 'ಕುರಿಕಾರ'. ನಮ್ಮ ಅಷ್ಟನಾಗಗಳ ಪಟ್ಟಿಯಲ್ಲಿ ಬರುವ ಕುಲಿಕನೇ ಈತ. ವೀಣೆಯಂಥ ವಾದ್ಯ ಹಿಡಿದ 'ಬೆಂಝೈತೆನ್' ನಮ್ಮ ಸರಸ್ವತಿ. ಕೆಲವರು ಎದೆಯ ಮೇಲೆ ಹಾಕಿಸಿಕೊಳ್ಳುವ 'ಬೊಂಜಿ' ಅಕ್ಷರಗಳು ಭಾರತದ ಸಿದ್ಧಂ ಲಿಪಿಯ ಬೀಜಾಕ್ಷರಗಳು. ಚೀನಾದ ಕತೆ, ಭಾರತದ ದೇವರು, ಜಪಾನಿನ ಕೈ. ಬೇರೆ ದೇಶದವರು ಇದನ್ನು ಮುಟ್ಟಬಾರದು ಅನ್ನುವ ವಾದ ನನಗೆ ಅಷ್ಟಾಗಿ ಒಪ್ಪಿತವಾಗದೇ ಇರುವುದು ಇದರಿಂದಲೇ.

ಸೂಜಿ, ಮಸಿ, ಚರ್ಮ

ಸಾಂಪ್ರದಾಯಿಕ ವಿಧಾನ 'ತೆಬೊರಿ', ಕೈಕೆತ್ತನೆ. ಬಿದಿರಿನ ಅಥವಾ ಲೋಹದ ಹಿಡಿಯ ತುದಿಗೆ ಸೂಜಿಗಳ ಸಾಲು ಕಟ್ಟಿ, ಒಂದು ಕೈಯಿಂದ ಚರ್ಮ ಬಿಗಿಹಿಡಿದು, ಇನ್ನೊಂದು ಕೈಯಿಂದ ಲಯಬದ್ಧವಾಗಿ ಚುಚ್ಚುತ್ತಾ ಹೋಗೋದು. ವಿದ್ಯುತ್ ಯಂತ್ರಕ್ಕೆ ನ್ಯೂಯಾರ್ಕ್‌ನಲ್ಲಿ ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಇವತ್ತು ಜಪಾನಿನಲ್ಲೂ ಗೆರೆಗೆ ಯಂತ್ರ, ಛಾಯೆಗೆ ಕೈ ಬಳಸುವವರಿದ್ದಾರೆ. ಇಡೀ ಬೆನ್ನು, ಎರಡೂ ತೋಳು, ತೊಡೆಗಳ ಕೆಲಸ ವಾರಕ್ಕೊಮ್ಮೆ ಕೂತರೂ ವರ್ಷಗಟ್ಟಲೆ ಹಿಡಿಯುತ್ತದೆ.

ಮಸಿ ಉಳಿಯುವ ಬಗೆ ಕುತೂಹಲದ್ದು. ಸೂಜಿ ಮಸಿಯನ್ನು ಚರ್ಮದ ಮೇಲ್ಪದರ ದಾಟಿಸಿ ಒಳಪದರಕ್ಕೆ ಇಳಿಸುತ್ತದೆ. ನಮ್ಮ ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೊಫೇಜ್ ಕೋಶಗಳು ಆ ಕಣಗಳನ್ನು ನುಂಗುತ್ತವೆ, ಕರಗಿಸಲಾಗದೆ ಹೊತ್ತುಕೊಂಡೇ ಇರುತ್ತವೆ. ಆ ಕೋಶ ಸತ್ತರೆ ಹೊಸ ಕೋಶ ಬಂದು ಅದೇ ಮಸಿಯನ್ನು ಮತ್ತೆ ನುಂಗುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇದನ್ನು ತೋರಿಸಿದರು. ಅಂದರೆ ಹಚ್ಚೆ ಸುಮ್ಮನೆ ಅಂಟಿಕೊಂಡ ಬಣ್ಣ ಅಲ್ಲ, ದೇಹ ಕೈಯಿಂದ ಕೈಗೆ ದಾಟಿಸುತ್ತಾ ಕಾಯುವ ಬಣ್ಣ.

ವರ್ಷ ಕಳೆದಂತೆ ಗೆರೆ ಸ್ವಲ್ಪ ಹರಡುತ್ತದೆ, ತಿಳಿ ಬಣ್ಣ ಮಾಸುತ್ತದೆ. ಕೂದಲೆಳೆಯಂಥ ಸೂಕ್ಷ್ಮ ಗೆರೆಗಳ ಚಿತ್ರ ಹತ್ತಿಪ್ಪತ್ತು ವರ್ಷದಲ್ಲಿ ಕಲಸಿಹೋಗಬಹುದು. ದಪ್ಪ ಗೆರೆ, ದೊಡ್ಡ ಆಕಾರ, ಧಾರಾಳ ಕಪ್ಪು, ನಡುನಡುವೆ ಖಾಲಿ ಚರ್ಮ ಇರುವ ಜಪಾನಿ ವಿನ್ಯಾಸ ಇದನ್ನು ತಾಳಿಕೊಳ್ಳುತ್ತದೆ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಸವೆತಕ್ಕೆ ಮೊದಲೇ ಜಾಗ ಬಿಟ್ಟು ಮಾಡಿದ ವಿನ್ಯಾಸ. ಸೆಳೆತಕ್ಕೆ ಇದು ಎರಡನೇ ಕಾರಣ.

ನಿಷೇಧದ ನೆರಳಲ್ಲಿ

1872ರಲ್ಲಿ ಮೇಯಿಜಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು. ಪಾಶ್ಚಾತ್ಯರ ಕಣ್ಣಿಗೆ ನಾವು ಅನಾಗರಿಕರಾಗಿ ಕಾಣಬಾರದು ಅನ್ನೋ ಆತಂಕ. ಐನು ಹೆಂಗಸರ ತುಟಿಯ ಸುತ್ತಲಿನ ಹಚ್ಚೆ, ಒಕಿನಾವಾ ಹೆಂಗಸರ ಕೈಬೆರಳಿನ ಹಚ್ಚೆಗಳ ಮೇಲೂ ಬೇರೆಬೇರೆ ಕಟ್ಟಳೆಗಳು ಬಂದವು. ಆದರೆ ಆ ಪಾಶ್ಚಾತ್ಯರೇ ಹಡಗು ಇಳಿದ ಕೂಡಲೇ ಹಚ್ಚೆಯವರನ್ನು ಹುಡುಕಿಕೊಂಡು ಹೋಗುತ್ತಿದ್ದರು! ಮುಂದೆ ಐದನೇ ಜಾರ್ಜ್ ದೊರೆಯಾದ ಬ್ರಿಟನ್ನಿನ ರಾಜಕುಮಾರ 1881ರಲ್ಲಿ, ಮುಂದೆ ರಷ್ಯಾದ ಕೊನೆಯ ತ್ಸಾರ್ ಆದ ನಿಕೋಲಸ್ 1891ರಲ್ಲಿ ಜಪಾನಿನಲ್ಲಿ ತೋಳಿಗೆ ಡ್ರ್ಯಾಗನ್ ಹಾಕಿಸಿಕೊಂಡರು. ಸ್ವಂತ ಪ್ರಜೆಗಳಿಗೆ ಕಾನೂನುಬಾಹಿರವಾಗಿದ್ದ ಈ ನಿಷೇಧ ತೆರವಾಗಿದ್ದು 1948ರಲ್ಲಿ, ಅಮೆರಿಕನ್ ಆಕ್ರಮಿತ ಆಡಳಿತದ ಕಾಲದಲ್ಲಿ.

ಅಷ್ಟು ದಶಕ ಕದ್ದುಮುಚ್ಚಿ ನಡೆದ ಕಸುಬು ಗುರು-ಶಿಷ್ಯ ಪರಂಪರೆಯಲ್ಲಿ ಉಳಿಯಿತು. ಶಿಷ್ಯ ಗುರುವಿನ ಮನೆಯಲ್ಲಿ ಕಸ ಗುಡಿಸುವುದರಿಂದ ಶುರುಮಾಡಿ, ಕೊನೆಗೆ 'ಹೊರಿ' ಎಂದು ಆರಂಭವಾಗುವ ಕಸುಬಿನ ಹೆಸರು ಪಡೆಯುತ್ತಿದ್ದ. ಯೊಕೊಹಾಮಾದ ಮೂರನೇ ಹೊರಿಯೋಶಿ ಇಂಥ ಪರಂಪರೆಯ ವಿಶ್ವವಿಖ್ಯಾತ ಕಲಾವಿದ. ಹೊರಜಗತ್ತಿಗೆ ದಾರಿ ತೆರೆದವರಲ್ಲಿ ಮುಖ್ಯರು ಹೊನೊಲುಲುವಿನ 'ಸೇಲರ್ ಜೆರ್ರಿ' ನಾರ್ಮನ್ ಕಾಲಿನ್ಸ್ ಮತ್ತು ಎಡ್ ಹಾರ್ಡಿ. ಹೌದು, ಒಂದು ಕಾಲಕ್ಕೆ ನಮ್ಮ ಬೀದಿಬೀದಿಯಲ್ಲಿ ಟಿ-ಶರ್ಟ್ ಮೇಲೆ ಕಾಣುತ್ತಿದ್ದ ಅದೇ ಹೆಸರು. ಹಾರ್ಡಿ 1973ರಲ್ಲಿ ಜಪಾನಿನ ಗಿಫುಗೆ ಹೋಗಿ ಹೊರಿಹಿದೆ ಎಂಬ ಗುರುವಿನ ಬಳಿ ಕೆಲಸ ಮಾಡಿದ. ಮರಳಿ ಬಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಗೋಡೆಯ ಮೇಲಿನ ಸಿದ್ಧ ಚಿತ್ರ ತೋರಿಸಿ ಆರಿಸಿಕೊಳ್ಳಿ ಅನ್ನುವ ಬದಲು ಒಬ್ಬೊಬ್ಬರ ಮೈಗೆ ತಕ್ಕಂತೆ ಚಿತ್ರ ಬರೆದುಕೊಡುವ ಸ್ಟುಡಿಯೊ ತೆರೆದ.

ಬಾಗಿಲಲ್ಲೇ ತಡೆ

ಜಪಾನಿನೊಳಗೆ ಮಾತ್ರ ಕಳಂಕ ಗಟ್ಟಿಯಾಗುತ್ತಾ ಹೋಯಿತು. ಯಾಕುಜಾ ಎಂಬ ಅಪರಾಧಿ ಕೂಟಗಳು ಪೂರ್ಣ ಮೈಯ ಹಚ್ಚೆಯನ್ನು ತಮ್ಮ ಗುರುತು ಮಾಡಿಕೊಂಡವು. 60ರ ದಶಕದ ಸಿನಿಮಾಗಳು ಆ ಚಿತ್ರವನ್ನು ಮನೆಮನೆಗೆ ಮುಟ್ಟಿಸಿದವು. 2012ರಲ್ಲಿ ಒಸಾಕಾ ನಗರಾಡಳಿತ ತನ್ನ ನೌಕರರಿಗೆ 'ನಿಮ್ಮ ಮೈಮೇಲೆ ಹಚ್ಚೆ ಇದೆಯೇ?' ಅಂತ ಲಿಖಿತವಾಗಿ ಕೇಳಿತು. 2013ರಲ್ಲಿ ಹೊಕ್ಕೈದೊ ದ್ವೀಪದ ಸ್ನಾನಗೃಹವೊಂದು ನ್ಯೂಜಿಲೆಂಡಿನ ಮಾವೊರಿ ಮಹಿಳೆಯೊಬ್ಬರನ್ನು ಅವರ ಮುಖದ ಸಾಂಪ್ರದಾಯಿಕ ಹಚ್ಚೆಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ಅವರು ಬಂದಿದ್ದು ಮೂಲನಿವಾಸಿ ಭಾಷೆಗಳ ಸಮ್ಮೇಳನಕ್ಕೆ. ಜಪಾನ್ ಪ್ರವಾಸೋದ್ಯಮ ಇಲಾಖೆ 2015ರಲ್ಲಿ ವಿಚಾರಿಸಿದಾಗ, ಉತ್ತರಿಸಿದ ಹೋಟೆಲು, ವಸತಿಗೃಹಗಳಲ್ಲಿ ಸುಮಾರು 56 ಶೇಕಡಾ ಹಚ್ಚೆ ಇದ್ದವರಿಗೆ ಸ್ನಾನಕ್ಕೆ ಅವಕಾಶವಿಲ್ಲ ಎಂದಿದ್ದವು. 2019ರ ರಗ್ಬಿ ವಿಶ್ವಕಪ್‌ಗೆ ಬಂದ ಆಟಗಾರರಿಗೂ ಈಜುಕೊಳ, ಜಿಮ್‌ಗಳಲ್ಲಿ ಹಚ್ಚೆ ಮುಚ್ಚಿಕೊಳ್ಳಿ ಅಂತ ಸಲಹೆ ಹೋಗಿತ್ತು.

ಕಲಾವಿದರ ಪಾಡು ಇನ್ನೂ ಇಕ್ಕಟ್ಟಿನದು. ಸೂಜಿಯಿಂದ ಚರ್ಮಕ್ಕೆ ಮಸಿ ಸೇರಿಸೋದು ವೈದ್ಯಕೀಯ ಕೆಲಸ, ಡಾಕ್ಟರ್ ಪರವಾನಗಿ ಬೇಕು ಅಂತ ಆರೋಗ್ಯ ಸಚಿವಾಲಯ 2001ರಲ್ಲಿ ಸೂಚನೆ ಹೊರಡಿಸಿತ್ತು. ಇದೇ ಆಧಾರದಲ್ಲಿ 2015ರಲ್ಲಿ ಒಸಾಕಾದ ಯುವ ಕಲಾವಿದರೊಬ್ಬರ ಮೇಲೆ ಕೇಸು ಬಿತ್ತು. ದಂಡ ಕಟ್ಟಿ ಸುಮ್ಮನಾಗುವ ಬದಲು ಅವರು ಕೋರ್ಟಿನಲ್ಲಿ ಹೋರಾಡಿದರು. 2017ರಲ್ಲಿ ಜಿಲ್ಲಾ ನ್ಯಾಯಾಲಯ 1,50,000 ಯೆನ್ ದಂಡ ಹಾಕಿತು. 2018ರಲ್ಲಿ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಹಚ್ಚೆ ವೈದ್ಯಕೀಯವಲ್ಲ ಎಂದಿತು. ಜಗತ್ತು ಜಪಾನಿ ಶೈಲಿ ಅಂತ ಕೊಂಡಾಡುವ ಕೆಲಸವನ್ನು ಜಪಾನಿನಲ್ಲೇ ಮಾಡಲು ಡಾಕ್ಟರ್ ಆಗಬೇಕಿಲ್ಲ ಎಂದು ಸಾಬೀತಾಗಲು ಐದು ವರ್ಷ ಬೇಕಾಯಿತು.

ನಮ್ಮ ಹಚ್ಚೆಯ ಮಾತು

ಶಿಕ್ಷೆ, ಸೊಬಗು, ಕಳಂಕ ಒಂದೇ ಸೂಜಿಯಲ್ಲಿ ಸೇರಿಕೊಂಡ ಕತೆ ನಮಗೂ ಹೊಸದಲ್ಲ. ಬ್ರಿಟಿಷರು 1797ರಿಂದ 1849ರವರೆಗೆ ಬಂಗಾಳ ಪ್ರಾಂತ್ಯದಲ್ಲಿ ಕೈದಿಗಳ ಹಣೆಗೆ ಹಚ್ಚೆ ಹಾಕುತ್ತಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ಊರೂರು ತಿರುಗಿ ಚುಕ್ಕಿ, ಚೇಳು, ತೇರು, ತುಳಸಿಕಟ್ಟೆಗಳನ್ನು ಹೊಯ್ಯುತ್ತಿದ್ದವರು ಕೊರವಂಜಿಯರು. ಅವರ ಸಮುದಾಯವನ್ನೂ ಬ್ರಿಟಿಷ್ ಆಡಳಿತ 'ಅಪರಾಧಿ ಬುಡಕಟ್ಟು' ಎಂಬ ಪಟ್ಟಿಗೆ ಸೇರಿಸಿತ್ತು. ಇಂದಿನ ಸ್ಟುಡಿಯೊಗಳಲ್ಲಿ ಕೊಯಿ ಮೀನಿಗೆ ಇರುವ ಮರ್ಯಾದೆ ಅಜ್ಜಿಯ ಮುಂಗೈ ಚೇಳಿಗೆ ಇಲ್ಲ. ಈ ವ್ಯತ್ಯಾಸ ಹುಟ್ಟಿದ್ದು ಚಿತ್ರದ ಗುಣದಿಂದ ಮಾತ್ರ ಅಲ್ಲ. ಅಲ್ಲಿ ಗುರುಗಳ ಹೆಸರು ಉಳಿದವು, ಪುಸ್ತಕಗಳಾದವು. ಇಲ್ಲಿ ಹೊಯ್ದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಹಾಕಿಸಿಕೊಳ್ಳುವ ಮುನ್ನ

ಹಾಗಾದರೆ ಹಾಕಿಸಿಕೊಳ್ಳಬಹುದಾ? ಖಂಡಿತ. ಜಪಾನಿನ ಗುರುಗಳೇ ಹೊರಗಿನವರಿಗೆ ಕಲಿಸಿದ್ದಾರೆ, ಹೊರಗಿನವರ ಮೈಮೇಲೆ ಕೆತ್ತಿದ್ದಾರೆ. ಆದರೆ ಮೇಲಿನ ವ್ಯಾಕರಣದಿಂದಲೇ ಕೆಲವು ಪ್ರಾಯೋಗಿಕ ಮಾತು ಹೊರಡುತ್ತವೆ.

ಮೊದಲನೆಯದು, ಮುಂದೆ ಎಲ್ಲಿಯವರೆಗೆ ಬೆಳೆಸಬೇಕೆಂದಿದ್ದೀರಿ ಅನ್ನೋದನ್ನು ಮೊದಲೇ ತೀರ್ಮಾನಿಸಿ. ಇವತ್ತು ಮುಂಗೈಗೆ ಒಂದು ಮೀನು, ಬರುವ ವರ್ಷ ಭುಜಕ್ಕೆ ಒಂದು ಡ್ರ್ಯಾಗನ್ ಅಂತ ಹೋದರೆ ನಡುವಿನ ಜಾಗ ಹೊಂದಿಸಲು ಕಲಾವಿದರು ಪರದಾಡಬೇಕಾಗುತ್ತೆ. ಎರಡನೆಯದು, ಗಾತ್ರದಲ್ಲಿ ಜಿಪುಣತನ ಬೇಡ. ಅಂಗೈ ಅಗಲದಲ್ಲಿ ಡ್ರ್ಯಾಗನ್‌ನ ಹುರುಪೆಗಳನ್ನೆಲ್ಲ ತುರುಕಿದರೆ ಹತ್ತು ವರ್ಷದ ಮೇಲೆ ಅದು ಕಪ್ಪು ಹಗ್ಗದಂತೆ ಕಂಡೀತು. ಮೂರನೆಯದು, ಫೋನಿನಲ್ಲಿ ಹೊಸದಾಗಿ ಹಾಕಿದ ಹಚ್ಚೆಯ ಹೊಳೆಯುವ ಫೋಟೊ ನೋಡಿ ಮರುಳಾಗಬೇಡಿ. ಅದೇ ಕಲಾವಿದರು ಐದಾರು ವರ್ಷದ ಹಿಂದೆ ಹಾಕಿದ್ದು ಈಗ ಹೇಗಿದೆ ಅಂತ ತೋರಿಸಲು ಕೇಳಿ. ನಾಲ್ಕನೆಯದು, ಕೆಲಸದ ಯೋಚನೆ. ಸೇನೆಗೆ ಸೇರುವ ಮನಸ್ಸಿದ್ದರೆ, ಭಾರತೀಯ ಸೇನೆಯ ನೇಮಕಾತಿಯಲ್ಲಿ ಮೈಯ ಯಾವ ಭಾಗದ ಹಚ್ಚೆಗೆ ಅನುಮತಿ ಇದೆ ಅನ್ನುವ ಕಟ್ಟುನಿಟ್ಟಿನ ನಿಯಮಗಳಿವೆ. ಪೂರ್ತಿ ತೋಳು ತುಂಬಿಸುವ ಮುಂಚೆ ಆ ವರ್ಷದ ಅಧಿಸೂಚನೆ ಓದಿ. ಜಪಾನಿಗೆ ಹೋಗುವವರಾದರೆ ಮೊದಲೇ ಸ್ನಾನಗೃಹಕ್ಕೆ ಫೋನು ಮಾಡಿ ಕೇಳಿ. ಚಿಕ್ಕ ಹಚ್ಚೆಯಾದರೆ ಮೇಲೆ ಪಟ್ಟಿ ಅಂಟಿಸಿಕೊಂಡು ಬನ್ನಿ ಅನ್ನುವ ಕಡೆಗಳಿವೆ. ಬಾಡಿಗೆಗೆ ಸಿಗುವ ಖಾಸಗಿ ತೊಟ್ಟಿಗಳೂ ಇವೆ.

ಕೊನೆಯದಾಗಿ, ಹನ್ಯಾ ಬೇಕು ಅಂತ ಕೇಳುವ ಮುಂಚೆ ಅವಳ ಕತೆಯನ್ನು ಒಮ್ಮೆ ಓದಿ, ಅಚಲನನ್ನು ಕೇಳುವ ಮುಂಚೆ ಅವನು ಯಾರ ದೇವರು ಅಂತ ತಿಳಿದುಕೊಳ್ಳಿ. ನಿಮಗೆ ಚಿತ್ರ ಬರೆಯುವವರ ಬಳಿ ಇವುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ. ಉತ್ತರ ಬರದಿದ್ದರೆ, ಅಥವಾ 'ಗೂಗಲ್‌ನಲ್ಲಿ ಆರಿಸಿ ತನ್ನಿ, ಹಾಕಿಕೊಡ್ತೀವಿ' ಅಂದರೆ, ಎದ್ದು ಬೇರೆ ಅಂಗಡಿಗೆ ಹೋಗಿ.